ಚೀಟಿ ಮಗುವಿನ ಹೆಸರಿಗೆ, ಅಡುಗೆ ಎಲ್ಲರಿಗೆ

ನಮಸ್ಕಾರ. ಮಂಗಳೂರಿನಲ್ಲಿರುವ ನನ್ನ ತಂಗಿಯ ಮನೆಯ ಫ್ರಿಜ್ಜಿನ ಬಾಗಿಲಿಗೆ ಕಳೆದ ಮಳೆಗಾಲದಲ್ಲಿ, ಮಗುವಿನ ತೂಕ ಹೆಚ್ಚಾಗಿದೆಯೆಂದು ವೈದ್ಯರು ಬರೆದುಕೊಟ್ಟ ಒಂದು ಚೀಟಿ ಅಂಟಿಸಿದ್ದರು. ಮೇಲೆ ಅವಳ ಹತ್ತು ವರ್ಷದ ಮಗನ ಹೆಸರು, ಕೆಳಗೆ ಅವನು ತಿನ್ನಬಾರದ ಪದಾರ್ಥಗಳ ಪಟ್ಟಿ. ಅಂದು ಸಂಜೆ ಅಡುಗೆಮನೆಯಲ್ಲಿ ಬನ್ಸ್ ಕರಿಯುತ್ತಿದ್ದರು. ಕಳಿತ ಬಾಳೆಹಣ್ಣು ಕಲಸಿದ ಹಿಟ್ಟು ಎಣ್ಣೆಯಲ್ಲಿ ಉಬ್ಬುವಾಗ ಮನೆಯಿಡೀ ಹರಡುವ ಪರಿಮಳವನ್ನು ನಮ್ಮೂರಿನವರಿಗೆ ವರ್ಣಿಸಬೇಕಾಗಿಲ್ಲ. ಅಜ್ಜ, ಅಜ್ಜಿ, ಹುಡುಗನ ಅಕ್ಕ, ನಾನು, ಎಲ್ಲರ ತಟ್ಟೆಯಲ್ಲೂ ಎರಡೆರಡು ಬನ್ಸ್. ಅವನ ಮುಂದೆ ಮಾತ್ರ ಸೌತೆಕಾಯಿಯ ಹೋಳುಗಳು. ಅವನು ಹಠ ಮಾಡಲಿಲ್ಲ, ಅಳಲಿಲ್ಲ. ಒಂದು ಹೋಳನ್ನು ಉಪ್ಪಿಗೆ ಅದ್ದಿ, ತಿನ್ನದೆ ಕೈಯಲ್ಲೇ ಹಿಡಿದುಕೊಂಡು, ನಮ್ಮ ತಟ್ಟೆಗಳನ್ನು ನೋಡುತ್ತಾ ಕುಳಿತಿದ್ದ.

ಮಕ್ಕಳ ಬೊಜ್ಜಿಗೆ ಮಗುವೊಂದಕ್ಕೇ ಚಿಕಿತ್ಸೆ ಕೊಡುವುದು ಅನ್ಯಾಯ, ಅದರಿಂದ ಹೆಚ್ಚು ಫಲವೂ ಸಿಗುವುದಿಲ್ಲ ಎಂಬುದು ನನ್ನ ಖಚಿತ ಅಭಿಪ್ರಾಯ. ಅಂಗಡಿಯಿಂದ ಸಾಮಾನು ತರುವವನು ಮಗುವಲ್ಲ, ಎಣ್ಣೆಯ ಬಾಣಲೆ ಒಲೆಯ ಮೇಲಿಡುವವನೂ ಅವನಲ್ಲ. ತನ್ನ ಕೈಯಲ್ಲಿಲ್ಲದ ಮನೆಯ ರೂಢಿಯನ್ನು ಹತ್ತು ವರ್ಷದ ಹುಡುಗನೊಬ್ಬ ತನ್ನ ಮನೋಬಲದಿಂದ ಎದುರಿಸಬೇಕೆಂದು ನಿರೀಕ್ಷಿಸುವ ನಾವು, ಅದೇ ಮನೋಬಲವನ್ನು ನಮ್ಮಿಂದ ಒಂದು ಸಂಜೆಗೂ ಕೇಳಿಕೊಳ್ಳುವುದಿಲ್ಲ.

ಇದು ಬರಿಯ ಕರುಣೆಯ ಮಾತಲ್ಲ. ಅಮೆರಿಕದ ಮನೋವಿಜ್ಞಾನಿ ಲಿಯೊನಾರ್ಡ್ ಎಪ್‌ಸ್ಟೈನ್ ಮತ್ತು ಅವರ ಸಹೋದ್ಯೋಗಿಗಳು 6ರಿಂದ 12 ವರ್ಷದ ಮಕ್ಕಳಿದ್ದ ಕುಟುಂಬಗಳನ್ನು ಹತ್ತು ವರ್ಷಗಳ ಕಾಲ ಗಮನಿಸಿ, 1990ರಲ್ಲಿ ಫಲಿತಾಂಶವನ್ನು ಪ್ರಕಟಿಸಿದರು. ಆಹಾರ ಮತ್ತು ವ್ಯಾಯಾಮದ ಸಲಹೆ ಎಲ್ಲ ಗುಂಪುಗಳಿಗೂ ಒಂದೇ ಆಗಿತ್ತು. ವ್ಯತ್ಯಾಸವಿದ್ದುದು ತೂಕ ಮತ್ತು ಅಭ್ಯಾಸ ಬದಲಿಸುವ ಹೊಣೆ ಯಾರ ಮೇಲಿತ್ತು ಎಂಬುದರಲ್ಲಿ. ಪೋಷಕರೂ ಮಗುವೂ ಕೂಡಿ ಹೊಣೆ ಹೊತ್ತ ಗುಂಪಿನಲ್ಲಿ, ಸಹಜ ತೂಕಕ್ಕಿಂತ ಹೆಚ್ಚಿದ್ದ ಪ್ರಮಾಣವು ಹತ್ತು ವರ್ಷಗಳ ಬಳಿಕವೂ ಮೊದಲಿಗಿಂತ ಸರಾಸರಿ 7.5 ಶೇಕಡಾ ಅಂಶ ಕಡಿಮೆಯಿತ್ತು. ಮಗುವಿನ ಮೇಲೆ ಮಾತ್ರ ಹೊಣೆ ಹೊರಿಸಿದ ಗುಂಪಿನಲ್ಲಿ ಅದು 4.5 ಅಂಶ ಏರಿತ್ತು, ನಿರ್ದಿಷ್ಟ ಹೊಣೆ ಇಲ್ಲದ ಗುಂಪಿನಲ್ಲಿ 14.3.

ನಮ್ಮ ಕರಾವಳಿಯಲ್ಲಿ ಕುಟುಂಬ ಎಂದರೆ ಅಪ್ಪ ಅಮ್ಮ ಇಬ್ಬರೇ ಅಲ್ಲ. ಮೊಮ್ಮಗ ಮೈಕೈ ತುಂಬಿಕೊಂಡಿದ್ದರೆ ಅದು ಸಮೃದ್ಧಿ ಎಂದು ನಂಬಿದ ಅಜ್ಜಿ, ಅಮ್ಮ ಬೈದ ಮೇಲೆ ಗುಟ್ಟಾಗಿ ಚಕ್ಕುಲಿ ಕೊಡುತ್ತಾಳೆ. ಅವಳ ಬಾಲ್ಯದಲ್ಲಿ ಹಸಿವೆಂಬುದು ದೂರದ ಮಾತಾಗಿರಲಿಲ್ಲ, ಆದ್ದರಿಂದ ಅವಳನ್ನು ಗದರಿಸುವ ಹಕ್ಕು ನಮಗಿಲ್ಲ. ಆದರೆ ಅವಳನ್ನು ಕೂರಿಸಿಕೊಂಡು ವಿವರಿಸುವ ಹೊಣೆ ಇದೆ. ಗಲ್ಫಿನಲ್ಲಿ ದುಡಿಯುವ ಅಪ್ಪ, ಮಗನನ್ನು ಎತ್ತಿಕೊಳ್ಳಲಾರದ ದುಃಖಕ್ಕೆ, ವೀಡಿಯೊ ಕರೆಯಲ್ಲಿ ಮಾತನಾಡುತ್ತಲೇ ಆ್ಯಪಿನಲ್ಲಿ ಪಿಜ್ಜಾ ತರಿಸಿಕೊಡುತ್ತಾನೆ, ರಜೆಗೆ ಬರುವಾಗ ಚಾಕಲೇಟಿನ ಡಬ್ಬಿಗಳನ್ನು ತರುತ್ತಾನೆ. ಇವರೆಲ್ಲರ ಪ್ರೀತಿ ನಿಜವಾದದ್ದು. ಚಿಕಿತ್ಸೆ ಕೊಡುವವರು ಆ ಪ್ರೀತಿಗೆ ಬೇರೆ ದಾರಿ ತೋರಿಸದಿದ್ದರೆ, ಅದು ಮತ್ತೆ ತಿಂಡಿಯ ರೂಪದಲ್ಲೇ ಮನೆಗೆ ಬರುತ್ತದೆ. ಇದರ ಜೊತೆಗೆ ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಮಳೆ. ಆಗ ಶಾಲೆ, ವ್ಯಾನು, ಟ್ಯೂಷನ್, ಮೊಬೈಲು, ಇಷ್ಟೇ ಮಗುವಿನ ದಿನಚರಿ.

ಕುಟುಂಬವನ್ನು ಸೇರಿಸಿಕೊಳ್ಳುವುದೆಂದರೆ ತಾಯಿಯನ್ನು ಅಪರಾಧಿಯಾಗಿ ನಿಲ್ಲಿಸುವುದಲ್ಲ ಎಂಬುದನ್ನೂ ಒತ್ತಿ ಹೇಳಬೇಕು. ನಮ್ಮಲ್ಲಿ ಆಗುವುದು ಹೆಚ್ಚಾಗಿ ಅದೇ. ಮಗುವನ್ನು ‘ದಡಿಯ’ ಎಂದು ಕರೆಯುವ ಬಂಧುಗಳು, ಮರುಕ್ಷಣವೇ ತಾಯಿಯತ್ತ ತಿರುಗಿ ‘ಏನು ತಿನ್ನಿಸುತ್ತೀ ಮಾರಾಯ್ತಿ’ ಎಂದು ಕೇಳುತ್ತಾರೆ. ಬೆಳೆಯುವ ಮಗುವಿನಲ್ಲಿ ಎಷ್ಟೋ ಸಲ ತೂಕ ಇಳಿಸಬೇಕಾದ ಅಗತ್ಯವೇ ಇರುವುದಿಲ್ಲ. ತೂಕ ಏರದಂತೆ ನೋಡಿಕೊಂಡರೆ ಎತ್ತರ ಬೆಳೆದಂತೆ ಸರಿಹೊಂದುತ್ತದೆ. ಇಷ್ಟನ್ನು ಬಂಧುಗಳಿಗೂ ಯಾರಾದರೂ ತಿಳಿಸಿದ್ದರೆ ಆ ಮನೆಯ ಅರ್ಧ ಆತಂಕ ಕಡಿಮೆಯಾಗುತ್ತಿತ್ತು.

ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿಯು 2023ರ ಮಾರ್ಗಸೂಚಿಯಲ್ಲಿ, 3ರಿಂದ 12 ತಿಂಗಳ ಅವಧಿಯಲ್ಲಿ ಕುಟುಂಬದೊಂದಿಗೆ ಕನಿಷ್ಠ 26 ಗಂಟೆಗಳ ಮುಖಾಮುಖಿ ಸಮಾಲೋಚನೆ ಇರಬೇಕೆಂದು ಹೇಳುತ್ತದೆ. ಕಿಕ್ಕಿರಿದ ನಮ್ಮ ಹೊರರೋಗಿ ವಿಭಾಗಗಳಲ್ಲಿ ಅಷ್ಟು ಸಮಯ ಸಿಗಲಾರದು. ಆದರೆ ಚೀಟಿ ಬರೆಯುವ ಮೊದಲು ಅಡುಗೆ ಮಾಡುವವರನ್ನೂ ಸಾಮಾನು ತರುವವರನ್ನೂ ಒಂದು ಸಲ ಒಟ್ಟಿಗೆ ಕರೆಸಲು ಸಾಧ್ಯವಿದೆ. ದೂರದಲ್ಲಿರುವ ಅಪ್ಪನನ್ನು ಫೋನಿನ ಮೂಲಕವಾದರೂ ಸೇರಿಸಿಕೊಳ್ಳಬಹುದು.

ಮುಂದಿನ ಭೇಟಿಗೆ ತಂಗಿ ಅತ್ತೆಯನ್ನೂ ಕರೆದುಕೊಂಡು ಹೋದಳು. ವೈದ್ಯರು ಹುಡುಗನ ತೂಕ ನೋಡಿ ಬರೆದುಕೊಂಡ ಮೇಲೆ, ಅವನನ್ನು ಏನೂ ಕೇಳದೆ, ಅಜ್ಜಿಯ ಕಡೆ ತಿರುಗಿ, “ಅಮ್ಮ, ಸಂಜೆ ಚಹಾದ ಜೊತೆಗೆ ನೀವು ಏನು ತಿನ್ನುತ್ತೀರಿ?” ಎಂದು ವಿಚಾರಿಸಿದರು. ಅಜ್ಜಿ ಉತ್ತರ ಕೊಡುವ ಮೊದಲು ಮೊಮ್ಮಗನ ಮುಖ ನೋಡಿದಳು.