ಹೂಮಳೆ ತಡವಾದಾಗ ಕರೆಂಟಿನ ಸರದಿ

ಕೇಳುಗರಿಗೆ ನಮಸ್ಕಾರ.

ಫೆಬ್ರವರಿ ಮುಗಿಯುತ್ತಾ ಬಂತೆಂದರೆ ಕೊಡಗಿನಲ್ಲಿ ಎಲ್ಲರ ಕಣ್ಣೂ ಆಕಾಶದ ಮೇಲೆ. ರೋಬಸ್ಟಾ ಮೊಗ್ಗು ಬಲಿತು ಕೂತಿರುತ್ತದೆ. ಒಂದು, ಒಂದೂವರೆ ಇಂಚು ಹೂಮಳೆ ಬಿದ್ದರೆ ಎಂಟು ಹತ್ತು ದಿನದಲ್ಲಿ ತೋಟವೆಲ್ಲ ಬೆಳ್ಳಗಾಗುತ್ತದೆ. ಬೀಳದಿದ್ದರೆ ಕೆರೆಗೆ ಪೈಪು ಇಳಿಸಿ ಸ್ಪ್ರಿಂಕ್ಲರ್ ಹಾಕಲೇಬೇಕು, ಆಮೇಲೆ ಬ್ಯಾಕಿಂಗ್ ನೀರೂ, ಅಂದರೆ ಹೂವಾದ ಮೇಲಿನ ಎರಡನೇ ಸುತ್ತಿನ ನೀರೂ ಕೊಡಬೇಕು. ಕೆಲವರದು ಡೀಸೆಲ್ ಎಂಜಿನ್, ಕೆಲವರದು ಕರೆಂಟ್ ಮೋಟಾರು. ನಮ್ಮ ತೋಟದ ಮೊಗ್ಗು ಬಲಿಯುವ ಹೊತ್ತಿಗೆ ಪಕ್ಕದ ತೋಟದ್ದೂ ಬಲಿತಿರುತ್ತದೆ. ಹಾಗಾಗಿ ಊರಿನ ಮೋಟಾರುಗಳೆಲ್ಲ ಒಂದೇ ವಾರದಲ್ಲಿ, ಒಂದೇ ಹೊತ್ತಿನಲ್ಲಿ ತಿರುಗಲು ಶುರುವಾಗುತ್ತವೆ. ಮಕ್ಕಳು ಎಸ್ಸೆಸ್ಸೆಲ್ಸಿ ಪರೀಕ್ಷೆಗೆ ಓದುವ ದಿನಗಳೂ ಅವೇ.

ನಾನು ಒಂದು ವಿದ್ಯುತ್ ಉಪಕೇಂದ್ರದಲ್ಲಿ ಬಹಳ ವರ್ಷ ಪಾಳಿ ಕೆಲಸ ಮಾಡಿ ನಿವೃತ್ತನಾದವನು. ಈಗ ಸಿದ್ದಾಪುರದ ಕಡೆ ನಾಲ್ಕು ಎಕರೆ ಕಾಫಿ ನೋಡಿಕೊಳ್ಳುತ್ತೇನೆ. ಆಗೆಲ್ಲ ಸಂಜೆ ಹೊತ್ತು ಮೇಲಿನಿಂದ ಫೋನ್ ಬರುತ್ತಿತ್ತು: "ಲೋಡ್ ಜಾಸ್ತಿಯಾಗಿದೆ, ಎರಡು ಮೆಗಾವಾಟ್ ಇಳಿಸಿ." ನನ್ನ ಕೈಯಲ್ಲಿ ಇದ್ದದ್ದು ಒಂದೇ ದಾರಿ, ಒಂದು ಫೀಡರನ್ನು, ಅಂದರೆ ಉಪಕೇಂದ್ರದಿಂದ ಊರುಗಳಿಗೆ ಹೋಗುವ ಒಂದು ಲೈನನ್ನು, ಪೂರ್ತಿ ಆಫ್ ಮಾಡುವುದು. ಇಳಿಸಬೇಕಾದದ್ದು ನೀರೆತ್ತುವ ಮೋಟಾರಿನ ಹೊರೆ. ಆದರೆ ಅದರ ಜೊತೆಗೆ ಹುಡುಗಿಯ ಓದಿನ ದೀಪವೂ ಆರುತ್ತಿತ್ತು, ಉಬ್ಬಸದ ಅಜ್ಜನಿಗೆ ಹಾಕಿದ್ದ ಯಂತ್ರವೂ ನಿಲ್ಲುತ್ತಿತ್ತು. ಆ ಸ್ವಿಚ್ ಎಳೆದ ಕೈಗೆ ಇವತ್ತಿಗೂ ಸಮಾಧಾನವಿಲ್ಲ. ಬೇಕಾದ್ದನ್ನು ಮಾತ್ರ ನಿಲ್ಲಿಸಿ ಉಳಿದದ್ದನ್ನು ಬಿಡುವ ಉಪಾಯದ ಬಗ್ಗೆ ನಾನು ಮಾತನಾಡಲು ಬಂದದ್ದು ಅದಕ್ಕೇ.

ಆ ಸ್ವಿಚ್ ಎಳೆಯಲೇಬೇಕಿತ್ತೇ ಎಂದು ಕೇಳಬಹುದು. ಕರೆಂಟು ಭತ್ತದ ಹಾಗೆ ಪತ್ತಾಯದಲ್ಲಿ ತುಂಬಿಡುವ ವಸ್ತುವಲ್ಲ. ಬ್ಯಾಟರಿಗಳು ಬಂದಿವೆ, ನೀರನ್ನು ಮೇಲಕ್ಕೆತ್ತಿ ಇಟ್ಟುಕೊಳ್ಳುವ ಯೋಜನೆಗಳೂ ಇವೆ. ಆದರೂ ನಾವು ಬಳಸುವ ಕರೆಂಟಿನ ಬಹುಪಾಲು ಆಯಾ ಕ್ಷಣದಲ್ಲೇ ಹುಟ್ಟಬೇಕು. ನಮ್ಮ ವಿದ್ಯುತ್ ಜಾಲ, ಅಂದರೆ ಗ್ರಿಡ್, 50 ಹರ್ಟ್ಸ್‌ನಲ್ಲಿ, ಎಂದರೆ ಕರೆಂಟು ಸೆಕೆಂಡಿಗೆ 50 ಆವರ್ತನೆಯ ಲೆಕ್ಕದಲ್ಲಿ ನಡೆಯುತ್ತದೆ; 49.90ರಿಂದ 50.05ರ ಒಳಗೆ ಇರಬೇಕೆಂದು ನಿಯಮ. ಬಳಕೆ ಹೆಚ್ಚಿ ಉತ್ಪಾದನೆ ಸಾಲದಾದರೆ, ಏರು ಹತ್ತುವ ಲಾರಿಯ ಹಾಗೆ ಜನರೇಟರುಗಳ ವೇಗ ಕುಗ್ಗುತ್ತದೆ, ಈ ಅಂಕಿಯೂ ಇಳಿಯುತ್ತದೆ. ಸಕಾಲಕ್ಕೆ ಹೊರೆ ಇಳಿಸದಿದ್ದರೆ ಜಾಲವೇ ಕುಸಿಯಬಹುದು. 2012ರ ಜುಲೈ 30 ಮತ್ತು 31ರಂದು ಉತ್ತರ ಭಾರತದಲ್ಲಿ ಜಾಲ ಕುಸಿದು, ಎರಡನೆಯ ದಿನ ಪೂರ್ವ, ಈಶಾನ್ಯ ಭಾರತವೂ ಸೇರಿ 60 ಕೋಟಿಗೂ ಹೆಚ್ಚು ಜನರಿಗೆ ಕರೆಂಟಿಲ್ಲದೆ ಹೋದದ್ದು ನೆನಪಿರಬಹುದು. ಆಗ ನಮ್ಮ ದಕ್ಷಿಣದ ಜಾಲ ಬೇರೆಯೇ ಇತ್ತು. 2013ರ ಡಿಸೆಂಬರ್ 31ರಂದು ರಾಯಚೂರು–ಸೊಲ್ಲಾಪುರ ಮಾರ್ಗದ ಮೂಲಕ ಅದೂ ದೇಶದ ಜಾಲಕ್ಕೆ ಕೂಡಿಕೊಂಡಿತು.

ಇನ್ನೊಂದು ದಾರಿ ನ್ಯೂಜಿಲೆಂಡಿನಲ್ಲಿ 1950ರ ದಶಕದಿಂದ ನಡೆದುಕೊಂಡು ಬಂದಿದೆ. ಅಲ್ಲಿ ಮನೆಮನೆಯಲ್ಲೂ ಬಿಸಿನೀರಿನ ದೊಡ್ಡ ಸಿಲಿಂಡರ್. ಬೇಡಿಕೆ ಏರಿದಾಗ ಕಂಪನಿಯವರು ಕರೆಂಟಿನ ತಂತಿಯಲ್ಲೇ ಒಂದು ಸಂಕೇತ ಕಳಿಸುತ್ತಾರೆ. ಮೀಟರಿನ ಪಕ್ಕದಲ್ಲಿರುವ ರಿಲೇ ಎಂಬ ಸ್ವಿಚ್ಚು ಅದನ್ನು ಗುರುತಿಸಿ ಹೀಟರನ್ನು ಮಾತ್ರ ನಿಲ್ಲಿಸುತ್ತದೆ. ದೀಪ, ಫ್ರಿಜ್ ಯಾವುದಕ್ಕೂ ತೊಂದರೆಯಿಲ್ಲ. ಕಾದ ನೀರು ಗಂಟೆಗಟ್ಟಲೆ ಬಿಸಿಯಾಗಿಯೇ ಇರುವುದರಿಂದ ಹೀಟರ್ ನಿಂತದ್ದು ಮನೆಯವರಿಗೆ ಗೊತ್ತಾಗುವುದೂ ಇಲ್ಲ. ಬಚ್ಚಲ ಹಂಡೆಯ ಉರಿ ಆರಿದ ಮೇಲೂ ಕೆಂಡದಲ್ಲಿ ನೀರು ಬೆಚ್ಚಗಿರುವುದನ್ನು ನೋಡಿದ ನಮಗೆ ಇದನ್ನು ಹೆಚ್ಚು ವಿವರಿಸಬೇಕಿಲ್ಲ.

ನಮ್ಮ ಹೋಂ ಸ್ಟೇಗಳ ಲೆಕ್ಕ ಹಾಕೋಣ. ಒಂದು ಊರಲ್ಲಿ ಹತ್ತು ಹೋಂ ಸ್ಟೇ, ಒಂದೊಂದರಲ್ಲಿ ಆರು ಕೋಣೆ ಎಂದರೆ ಅರವತ್ತು ಗೀಸರ್. ಒಂದೊಂದು 2 ಕಿಲೋವಾಟ್. ಚಳಿಯ ಬೆಳಗ್ಗೆ ಏಳಕ್ಕೆ ಎಲ್ಲರೂ ಒಟ್ಟಿಗೆ ಹಾಕಿದರೆ 120 ಕಿಲೋವಾಟ್. 100 ಕೆವಿಎ ಸಾಮರ್ಥ್ಯದ ಟಿಸಿ, ಅಂದರೆ ಊರಿನ ಟ್ರಾನ್ಸ್‌ಫಾರ್ಮರ್, ತಡೆಯುವುದಿಲ್ಲ. ಆದರೆ 25 ಲೀಟರ್ ತಣ್ಣೀರನ್ನು 20 ಡಿಗ್ರಿಯಿಂದ 55ಕ್ಕೆ ಏರಿಸಲು ಬೇಕಾದದ್ದು ಸುಮಾರು ಒಂದು ಯೂನಿಟ್, ಅಂದರೆ ಅರ್ಧ ಗಂಟೆ. ಐದರಿಂದ ಏಳರವರೆಗೆ ಹದಿನೈದು ಗೀಸರಿನಂತೆ ಸರದಿ ಮಾಡಿದರೆ ಯಾವ ಹೊತ್ತಿಗೂ 30 ಕಿಲೋವಾಟ್ ಸಾಕು. ನೀರೂ ಅಷ್ಟೇ, ಯೂನಿಟ್ಟೂ ಹೆಚ್ಚುಕಡಿಮೆ ಅಷ್ಟೇ. ಅತಿಥಿಗಳಿಗೂ ಬಿಸಿನೀರು ಸಿಕ್ಕಿರುತ್ತದೆ. ಇದಕ್ಕೆ ದೊಡ್ಡ ತಂತ್ರಜ್ಞಾನವೂ ಬೇಡ, ಗೋಡೆಗೆ ಒಂದು ಟೈಮರ್ ಸ್ವಿಚ್ ಹಾಕಿದರಾಯಿತು.

ಸರದಿಯಿಂದ ಲೈನಿಗೂ ಲಾಭವಿದೆ. ತಂತಿಯಲ್ಲಿ ಕರೆಂಟು ಎರಡು ಪಟ್ಟಾದರೆ ಬಿಸಿಯಾಗಿ ಕಳೆದುಹೋಗುವುದು ನಾಲ್ಕು ಪಟ್ಟಾಗುತ್ತದೆ. ಬೆಟ್ಟ ಹತ್ತಿಳಿದು ಮೈಲುಗಟ್ಟಲೆ ಹೋಗುವ ನಮ್ಮ ಲೈನುಗಳಲ್ಲಿ ಅದು ಸಣ್ಣ ನಷ್ಟವಲ್ಲ. ಹೊರೆ ಏರಿದಷ್ಟೂ ಹೊಸ ಲೈನು, ಹೊಸ ಉಪಕೇಂದ್ರ ಬೇಕೆಂಬ ಮಾತು ಬರುತ್ತದೆ. ಮೈಸೂರಿನಿಂದ ಕೋಝಿಕ್ಕೋಡಿಗೆ ಹೋದ 400 ಕಿಲೋವೋಲ್ಟ್ ಮಾರ್ಗಕ್ಕಾಗಿ ದಕ್ಷಿಣ ಕೊಡಗಿನಲ್ಲಿ ಸಾವಿರಾರು ಮರ ಉರುಳಿದ್ದನ್ನು ನೋಡಿದವರು ನಾವು. ಆ ಮಾರ್ಗ ಕೇರಳಕ್ಕೆ, ನಮ್ಮ ಗೀಸರಿಗಾಗಿ ಅಲ್ಲ, ನಿಜ. ಆದರೂ ಒಂದು ಲೈನಿಗೆ ಕಾಡು ಕೊಡುವ ಬೆಲೆ ಎಷ್ಟೆಂದು ನಮಗೆ ಗೊತ್ತು. ದಿನಕ್ಕೆ ಎರಡು ಗಂಟೆಯ ಬೇಡಿಕೆಗಾಗಿ ವರ್ಷವಿಡೀ ನಿಲ್ಲುವ ಲೈನು ಎಳೆಯುವ ಮೊದಲು ಆ ಎರಡು ಗಂಟೆಯನ್ನು ಹಂಚಿಕೊಳ್ಳಲಾಗದೇ ಎಂದು ಕೇಳಲೇಬೇಕು.

ಈಗ ಮೋಟಾರಿನ ವಿಷಯ. ಇದು ನನ್ನ ಸ್ವಂತ ನೋವು. ನಮ್ಮ 25 ಕೆವಿಎ ಟಿಸಿಗೆ ನಾಲ್ಕು 5 ಎಚ್‌ಪಿ ಮೋಟಾರುಗಳಿವೆ. ನಾಲ್ಕೂ ತಿರುಗುತ್ತಿದ್ದರೆ ಟಿಸಿ ಹೇಗೋ ತಡೆಯುತ್ತದೆ. ಆದರೆ ಮೋಟಾರು ಹೊರಡುವ ಕ್ಷಣದಲ್ಲಿ ಐದಾರು ಪಟ್ಟು ಕರೆಂಟು ಎಳೆಯುತ್ತದೆ. ಎಲ್ಲರೂ ಆಟೋ ಸ್ಟಾರ್ಟರ್ ಹಾಕಿಸಿದ್ದೆವು. ಹೋಗಿದ್ದ ತ್ರೀ ಫೇಸ್ ಕರೆಂಟು ಬಂದ ತಕ್ಷಣ ನಾಲ್ಕೂ ಒಟ್ಟಿಗೆ ಹೊರಡುತ್ತಿದ್ದವು, ವೋಲ್ಟೇಜು ಕುಸಿಯುತ್ತಿತ್ತು, ಮೋಟಾರು ಗುಂಯ್‌ಗುಟ್ಟುತ್ತಿತ್ತು. ಒಂದು ಮಾರ್ಚಿನಲ್ಲಿ ಟಿಸಿ ಸುಟ್ಟುಹೋಯಿತು. ಬೇರೆ ಟಿಸಿ ಬರುವಷ್ಟರಲ್ಲಿ ಅರ್ಧ ತೋಟದ ಮೊಗ್ಗು ಒಣಗಿತ್ತು. ಉಪಕೇಂದ್ರದಲ್ಲಿ ಅಷ್ಟು ವರ್ಷ ಕೂತಿದ್ದ ನನಗೇ ಇದು ಮೊದಲು ಹೊಳೆಯಬೇಕಿತ್ತು.

ಆಟೋ ಸ್ಟಾರ್ಟರ್ ಬೇಡ ಎನ್ನಲೂ ಆಗುವುದಿಲ್ಲ. ರಾತ್ರಿ ಪಾಳಿಯಲ್ಲಿ ಕರೆಂಟು ಕೊಟ್ಟರೆ ಮೋಟಾರು ಹಾಕಲು ಯಾರಾದರೂ ಟಾರ್ಚು ಹಿಡಿದು ಕೆರೆಯ ಹತ್ತಿರ ಹೋಗಬೇಕು, ಆ ಕೆರೆಗೇ ಆನೆಯೂ ಬರುತ್ತದೆ. ಪಾಳಿಯ ವೇಳಾಪಟ್ಟಿ ಬರೆಯುವವರು ಇದನ್ನು ಮನಸ್ಸಿನಲ್ಲಿಡಬೇಕೆಂದು ಕೈಮುಗಿದು ಕೇಳುತ್ತೇನೆ. ಬೇಡಿಕೆ ತಗ್ಗಿಸಲು ಪಂಪನ್ನು ರಾತ್ರಿಗೆ ತಳ್ಳುವುದು ಬಯಲುಸೀಮೆಯಲ್ಲಿ ನಡೆದೀತು, ಇಲ್ಲಿ ಅದು ಜೀವಕ್ಕೆ ಕುತ್ತು. ಪಾವಗಡದ ಸೌರ ಉದ್ಯಾನ ಒಂದೇ 2,050 ಮೆಗಾವಾಟ್‌ನದು. ಬಿಸಿಲಿನ ಕರೆಂಟು ಹೇರಳವಾಗಿರುವ ಹಗಲಲ್ಲೇ ನಮ್ಮ ಪಂಪು ನಡೆಯಲಿ. 2023ರ ಜೂನ್‌ನಲ್ಲಿ ಕೇಂದ್ರ ಸರ್ಕಾರ ಗ್ರಾಹಕರ ಹಕ್ಕುಗಳ ನಿಯಮಕ್ಕೆ ತಂದ ತಿದ್ದುಪಡಿಯೂ ಬಿಸಿಲಿನ ಹೊತ್ತಿನ ದರ ಕಡಿಮೆ, ಬೇಡಿಕೆ ಏರಿದ ಹೊತ್ತಿನ ದರ ಹೆಚ್ಚು ಎಂಬ ದಾರಿಯನ್ನೇ ಹಿಡಿದಿದೆ.

ದೂರದಿಂದ ಹೊರೆ ನಿಯಂತ್ರಿಸುವ ಪ್ರಯೋಗ ನಮಗೆ ಹತ್ತಿರದಲ್ಲೇ ಆಗಿದೆ. ಕೊಡಗಿಗೂ ಕರೆಂಟು ಕೊಡುವ ಚೆಸ್ಕಾಂ ಮೈಸೂರಿನ ವಿ.ವಿ. ಮೊಹಲ್ಲಾದಲ್ಲಿ 20,000ಕ್ಕೂ ಹೆಚ್ಚು ಗ್ರಾಹಕರನ್ನು ಸೇರಿಸಿ ಸ್ಮಾರ್ಟ್ ಗ್ರಿಡ್ ಪ್ರಯೋಗ ನಡೆಸಿತು. ಏರುಬೇಡಿಕೆಯ ನಿರ್ವಹಣೆ ಅದರ ಒಂದು ಭಾಗ. ಅದು ನಮ್ಮ ಊರಿಗೂ ಬರುವ ದಿನ ನಾವು ಕೇಳಬೇಕಾದ ಪ್ರಶ್ನೆಗಳಿವೆ. ಯಾವ ಯಂತ್ರ, ಎಷ್ಟು ನಿಮಿಷ, ವರ್ಷಕ್ಕೆ ಎಷ್ಟು ಸಲ? ಮನೆಯಲ್ಲಿ ಬಾಣಂತಿಯೋ ಕಾಯಿಲೆಯವರೋ ಇದ್ದರೆ ಇವತ್ತು ಬೇಡ ಎನ್ನಲು ನಮ್ಮ ಕೈಯಲ್ಲಿ ಗುಂಡಿ ಇದೆಯೇ? ಬಿಲ್ಲಿನಲ್ಲಿ ಎಷ್ಟು ಇಳಿಯುತ್ತದೆ? ನಮ್ಮ ಒಪ್ಪಿಗೆಯಿಲ್ಲದೆ ನಿಲ್ಲಿಸಿದರೆ ಅದು ಹಳೆಯ ಲೋಡ್ ಶೆಡ್ಡಿಂಗೇ. ಇನ್ನೊಂದು ಮಾತು, ಮಳೆಗಾಲದಲ್ಲಿ ಟವರೇ ಸಿಗದ ಊರುಗಳಲ್ಲಿ ಮೊಬೈಲ್ ನಂಬಿದ ವ್ಯವಸ್ಥೆ ನಡೆಯುವುದಿಲ್ಲ. ತಂತಿಯಲ್ಲೇ ಸಂಕೇತ ಬರುವ ಹಳೆಯ ವಿಧಾನವೇ ಇಲ್ಲಿಗೆ ಒಗ್ಗೀತು ಎಂದು ನನ್ನ ಅನುಭವ ಹೇಳುತ್ತದೆ.

ಟಿಸಿ ಸುಟ್ಟ ವರ್ಷವೇ ನಾವು ನಾಲ್ಕು ಮನೆಯವರು ನಮ್ಮ ಜಗಲಿಯಲ್ಲಿ ಕೂತು ಮಾತಾಡಿಕೊಂಡೆವು. ಸ್ಟಾರ್ಟರುಗಳಿಗೆ ಟೈಮರ್ ಹಾಕಿಸಿದೆವು. ಕರೆಂಟು ಬಂದ ಎರಡನೇ ನಿಮಿಷಕ್ಕೆ ಒಬ್ಬರದು, ನಾಲ್ಕಕ್ಕೆ ಇನ್ನೊಬ್ಬರದು, ಆರಕ್ಕೆ ಮತ್ತೊಬ್ಬರದು. ಎಂಟಕ್ಕೆ ನನ್ನದು. ಅವತ್ತಿನಿಂದ ಅದೇ ಟಿಸಿ ನಡೆಯುತ್ತಿದೆ. ಈ ಸಲ ನಿಮ್ಮ ಕೆರೆಗೆ ಪೈಪು ಇಳಿಸುವ ಮೊದಲು, ನಿಮ್ಮ ಟಿಸಿಯ ಮೇಲೆ ಯಾರು ಯಾರಿದ್ದಾರೆ ಎಂದು ವಿಚಾರಿಸಿ, ಅವರನ್ನು ಒಂದು ಕಾಫಿಗೆ ಕರೆಯಿರಿ. ನಮಸ್ಕಾರ.