ಒಬ್ಬರ ಕೈಗೆ ಎಷ್ಟು ಅಧಿಕಾರ? ಉರುಗ್ವೆ ಅಧ್ಯಕ್ಷ ಹುದ್ದೆಯ ಕಥೆ

ಎಲ್ಲರಿಗೂ ನಮಸ್ಕಾರ.

ಉರುಗ್ವೆ ಅಂದ ಕೂಡಲೇ ನಮ್ಮಲ್ಲಿ ಅನೇಕರಿಗೆ ನೆನಪಾಗುವುದು ಎರಡೇ. ಒಂದು ಫುಟ್‌ಬಾಲ್. ಇನ್ನೊಂದು, ಹಳೇ ಬೀಟಲ್ ಕಾರಿನಲ್ಲಿ ಓಡಾಡುತ್ತಿದ್ದ ಅಧ್ಯಕ್ಷ ಹೊಸೆ ಮುಹಿಕಾ. ಸಂಬಳದ ಬಹುಪಾಲನ್ನು ದಾನ ಮಾಡಿ, ರಾಜಧಾನಿ ಮಾಂಟೆವಿಡಿಯೊದ ಹೊರವಲಯದ ಸಣ್ಣ ತೋಟದ ಮನೆಯಲ್ಲೇ ಉಳಿದವರು. ಅವರ ಮೇಲೆ ನನಗೆ ತುಂಬಾ ಗೌರವ ಇದೆ. ಆದರೆ ಇವತ್ತು ನಾನು ಮಾತಾಡುವುದು ಅವರು ಕೂತಿದ್ದ ಕುರ್ಚಿಯ ಬಗ್ಗೆ. ಯಾಕೆಂದರೆ ಆ ದೇಶ ಒಮ್ಮೆ ಆ ಕುರ್ಚಿಯನ್ನೇ ತೆಗೆದುಹಾಕಿತ್ತು. 1952ರಿಂದ 1967ರವರೆಗೆ ಉರುಗ್ವೆಯನ್ನು ಆಳಿದ್ದು ಒಬ್ಬ ಅಧ್ಯಕ್ಷರಲ್ಲ, ಒಂಬತ್ತು ಜನರ ಮಂಡಳಿ.

ಯಾಕೆ ಹೀಗೆ ಮಾಡಿದರು? ಸ್ವಲ್ಪ ಹಿಂದಕ್ಕೆ ಹೋಗಬೇಕು.

ಮೊದಲ ಸಂವಿಧಾನ ಬಂದದ್ದು 1830ರ ಜುಲೈ 18ರಂದು. ಅಧ್ಯಕ್ಷರನ್ನು ಆಗ ಸಂಸತ್ತು ಆರಿಸುತ್ತಿತ್ತು. ನಾಲ್ಕು ವರ್ಷದ ಅವಧಿ, ಬೆನ್ನಿಗೇ ಎರಡನೇ ಸಲ ಕೂರುವಂತಿಲ್ಲ. ಮೊದಲನೆಯವರು ಫ್ರುಕ್ಟುಓಸೊ ರಿವೇರಾ, ಎರಡನೆಯವರು ಮಾನುಎಲ್ ಒರಿಬೆ. ಇವರಿಬ್ಬರೂ ಕಿತ್ತಾಡಿಕೊಂಡರು. 1836ರ ಕಾಳಗದಲ್ಲಿ ಒರಿಬೆ ಕಡೆಯವರು ಬಿಳಿ ಪಟ್ಟಿ ಕಟ್ಟಿಕೊಂಡರು, ರಿವೇರಾ ಕಡೆಯವರು ಕೆಂಪು. ದೇಶದ ಎರಡು ಹಳೇ ಪಕ್ಷಗಳು, ಬ್ಲಾಂಕೊ (ಅಂದರೆ ಬಿಳಿ) ಮತ್ತು ಕೊಲೊರಾಡೊ (ಕೆಂಪು), ಹುಟ್ಟಿದ್ದು ಹೀಗೆ. ಆಮೇಲೆ ಎಪ್ಪತ್ತು ವರ್ಷ ಬಂಡಾಯದ ಮೇಲೆ ಬಂಡಾಯ. ಕುರ್ಚಿ ಒಂದೇ, ಅದು ಸಿಕ್ಕವನಿಗೆ ಎಲ್ಲ, ಸಿಗದವನಿಗೆ ಏನೂ ಇಲ್ಲ. ಹಾಗಿದ್ದಾಗ ಸೋತವನು ಬಂದೂಕು ಹಿಡಿಯದೆ ಇನ್ನೇನು ಮಾಡುತ್ತಾನೆ? 1897ರಲ್ಲಿ ಅಧ್ಯಕ್ಷ ಇದಿಯಾರ್ತೆ ಬೋರ್ದಾ ಅವರನ್ನು ಮಾಂಟೆವಿಡಿಯೊದ ಬೀದಿಯಲ್ಲೇ ಗುಂಡಿಟ್ಟು ಕೊಂದರು.

ಈ ಗಂಟನ್ನು ಸರಿಯಾಗಿ ಹಿಡಿದವರು ಕೊಲೊರಾಡೊ ಪಕ್ಷದ ಹೊಸೆ ಬಟ್ಯೆ ಇ ಒರ್ಡೋನ್ಯೆಸ್. ಎರಡು ಸಲ ಅಧ್ಯಕ್ಷರಾದವರು, 1903ರಿಂದ 1907 ಮತ್ತು 1911ರಿಂದ 1915. 1904ರಲ್ಲಿ ಬ್ಲಾಂಕೊ ಬಂಡಾಯವನ್ನು ಸೈನ್ಯ ಕಳಿಸಿ ಅಡಗಿಸಿದ್ದೂ ಅವರೇ. ಎರಡು ಅವಧಿಗಳ ನಡುವೆ ಯುರೋಪಿಗೆ ಹೋಗಿದ್ದರು. ಸ್ವಿಟ್ಜರ್ಲೆಂಡಿನಲ್ಲಿ ಒಬ್ಬ ಯಜಮಾನನಿಲ್ಲದೆ ಒಂದು ಮಂಡಳಿಯೇ ದೇಶ ನಡೆಸುವುದನ್ನು ನೋಡಿ ಅದು ಅವರ ಮನಸ್ಸಿಗೆ ನಾಟಿತು. 1913ರಲ್ಲಿ, ಸ್ವತಃ ಅಧ್ಯಕ್ಷರಾಗಿದ್ದಾಗಲೇ, ಅಧ್ಯಕ್ಷ ಹುದ್ದೆ ತೆಗೆದು ಒಂಬತ್ತು ಜನರ ಮಂಡಳಿ ಮಾಡೋಣ ಅಂತ ಬರೆದರು. ಇಲ್ಲಿ ಸ್ವಲ್ಪ ನಿಲ್ಲೋಣ. ಅಧಿಕಾರದ ತುತ್ತತುದಿಯಲ್ಲಿ ಕೂತವನು ಆ ಅಧಿಕಾರವನ್ನೇ ಒಡೆದು ಹಂಚಿ ಅನ್ನುವುದು ಎಷ್ಟು ಕಡೆ ನಡೆದಿದೆ ಹೇಳಿ?

ಅವರ ಪಕ್ಷವೇ ಒಡೆಯಿತು. 1916ರ ಸಂವಿಧಾನ ಸಭೆಯ ಚುನಾವಣೆಯಲ್ಲಿ ಅವರು ಸೋತರು. ಕೊನೆಗೆ ರಾಜಿಯಾಯಿತು. 1919ರಲ್ಲಿ ಜಾರಿಗೆ ಬಂದ ಸಂವಿಧಾನ ಅಧಿಕಾರವನ್ನು ಎರಡು ಪಾಲು ಮಾಡಿತು. ವಿದೇಶ, ರಕ್ಷಣೆ, ಪೊಲೀಸು ಅಧ್ಯಕ್ಷರಿಗೆ. ಹಣಕಾಸು, ಶಿಕ್ಷಣ, ಆರೋಗ್ಯ, ಕಾಮಗಾರಿ ಒಂಬತ್ತು ಜನರ ಮಂಡಳಿಗೆ, ಅದರಲ್ಲಿ ವಿರೋಧ ಪಕ್ಷಕ್ಕೂ ಜಾಗ. ಈ ಏರ್ಪಾಡಿನ ಮೊದಲ ಅಧ್ಯಕ್ಷ ಬಾಲ್ತಸಾರ್ ಬ್ರೂಮ್.

ಇದು ಹದಿನಾಲ್ಕು ವರ್ಷ ನಡೆಯಿತು. ಜಗತ್ತಿನ ಆರ್ಥಿಕ ಕುಸಿತ ಬಂದಾಗ ಅಧ್ಯಕ್ಷ ಗಾಬ್ರಿಯೆಲ್ ತೆರ್ರಾ, ಮಂಡಳಿಯಿಂದಾಗಿ ಏನೂ ಆಗುತ್ತಿಲ್ಲ ಅಂತ ದೂರಿ, 1933ರ ಮಾರ್ಚ್ 31ರಂದು ಪೊಲೀಸರ ಬಲದಿಂದ ಸಂಸತ್ತನ್ನೂ ಮಂಡಳಿಯನ್ನೂ ಮುಚ್ಚಿಬಿಟ್ಟರು. ಅವತ್ತು ಬ್ರೂಮ್ ಅವರನ್ನು ಬಂಧಿಸಲು ಮನೆಗೆ ಪೊಲೀಸರು ಬಂದರು. ಬ್ರೂಮ್ ಒಪ್ಪಲಿಲ್ಲ. ಪಿಸ್ತೂಲು ಹಿಡಿದು ಬಾಗಿಲಲ್ಲಿ ನಿಂತರು. ಗಂಟೆಗಟ್ಟಲೆ ನಿಂತರು. ಊರು ಏಳುತ್ತದೆ, ಜನ ಬರುತ್ತಾರೆ ಅಂತ ಕಾದರು. ಯಾರೂ ಏಳಲಿಲ್ಲ. ಬೀದಿಗೆ ಇಳಿದು ತಾವೇ ಗುಂಡು ಹೊಡೆದುಕೊಂಡರು. ಆಗ ಅವರಿಗೆ ಐವತ್ತೂ ಆಗಿರಲಿಲ್ಲ. ಈ ಸಾವನ್ನು ಉರುಗ್ವೆಯ ಜನ ಇವತ್ತಿಗೂ ಮರೆತಿಲ್ಲ.

ಮುಂದೆ 1952ರಲ್ಲಿ ಬಟ್ಯೆಯವರ ಆಸೆ ಪೂರ್ತಿಯಾಗಿ ಕೈಗೂಡಿತು, ಅವರು ತೀರಿಕೊಂಡು ಎರಡು ದಶಕವಾದ ಮೇಲೆ. ಜನಮತ ಪಡೆದು ಅಧ್ಯಕ್ಷ ಹುದ್ದೆ ತೆಗೆದರು. ಮಂಡಳಿಯಲ್ಲಿ ಗೆದ್ದ ಪಕ್ಷದ ಆರು ಜನ, ಸೋತ ಪಕ್ಷದ ಮೂವರು. ಸಭೆ ನಡೆಸುವ ಹೊಣೆ ಗೆದ್ದವರೊಳಗೆ ವರ್ಷಕ್ಕೊಬ್ಬರಂತೆ ಸುತ್ತಬೇಕು. 1958ರಲ್ಲಿ ಬ್ಲಾಂಕೊಗಳು ಗೆದ್ದಾಗ, ತೊಂಬತ್ತಕ್ಕೂ ಜಾಸ್ತಿ ವರ್ಷದ ಕೊಲೊರಾಡೊ ಆಡಳಿತ ಒಂದು ಗುಂಡೂ ಹಾರದೆ ಕೈ ಬದಲಾಯಿಸಿತು. ಮಂಡಳಿಯನ್ನು ಬೈಯುವವರು ಇದನ್ನು ಹೇಳುವುದೇ ಇಲ್ಲ.

ಆದರೆ ಕಾಲ ಕೆಟ್ಟದಿತ್ತು. ಕೊರಿಯಾ ಯುದ್ಧ ಮುಗಿದ ಮೇಲೆ ಉಣ್ಣೆ, ಮಾಂಸದ ರಫ್ತಿನ ಗಳಿಕೆ ಇಳಿಯಿತು. ಬೆಲೆ ಏರಿತು, ಮುಷ್ಕರಗಳು ಶುರುವಾದವು. ಒಂಬತ್ತು ಜನ ಕೂತು ಚರ್ಚೆ ಮಾಡುತ್ತಲೇ ಇದ್ದಾರೆ, ತೀರ್ಮಾನ ಮಾತ್ರ ಇಲ್ಲ ಅಂತ ಜನ ಬೇಸತ್ತರು. 1966ರಲ್ಲಿ ಮತ ಹಾಕಿ ಗಟ್ಟಿ ಅಧ್ಯಕ್ಷರನ್ನು ವಾಪಸ್ ತಂದರು. ಒಂಬತ್ತೇ ತಿಂಗಳಲ್ಲಿ ಆ ಅಧ್ಯಕ್ಷ ಹೆಸ್ತಿದೊ ತೀರಿಕೊಂಡರು. ಉಪಾಧ್ಯಕ್ಷ ಪಚೆಕೊ ಮೇಲೆ ಬಂದು, 1968ರಿಂದ ವಿಶೇಷ ಭದ್ರತಾ ಅಧಿಕಾರ ಬಳಸಿಯೇ ಆಡಳಿತ ನಡೆಸಿದರು. ಅತ್ತ ತುಪಮಾರೊ ಅನ್ನುವ ಎಡಪಂಥೀಯ ಗೆರಿಲ್ಲಾಗಳು ಬಂದೂಕು ಎತ್ತಿದ್ದರು.

1971ರ ಚುನಾವಣೆ ನೋಡಿ. ಆಗಿನ ನಿಯಮದಲ್ಲಿ ಒಂದು ಪಕ್ಷದಿಂದ ಹಲವರು ನಿಲ್ಲಬಹುದಿತ್ತು. ಅವರೆಲ್ಲರ ಮತ ಕೂಡಿಸಿ ಯಾವ ಪಕ್ಷ ಮುಂದೆ ಅಂತ ನೋಡುತ್ತಿದ್ದರು, ಆ ಪಕ್ಷದೊಳಗೆ ಮುಂದಿದ್ದವರೇ ಅಧ್ಯಕ್ಷ. ಒಬ್ಬೊಬ್ಬರಾಗಿ ಲೆಕ್ಕ ಹಾಕಿದರೆ ಅತಿ ಹೆಚ್ಚು ಮತ ಬಿದ್ದದ್ದು ಬ್ಲಾಂಕೊ ನಾಯಕ ವಿಲ್ಸನ್ ಫೆರೇರಾ ಅವರಿಗೆ. ಅಧ್ಯಕ್ಷರಾದದ್ದು ಕೊಲೊರಾಡೊದ ಬೋರ್ದಾಬೆರಿ. ಅದೇ ಬೋರ್ದಾಬೆರಿ 1973ರ ಜೂನ್ 27ರಂದು ಸೈನ್ಯದ ಜೊತೆ ಸೇರಿ ಸಂಸತ್ತು ಮುಚ್ಚಿದರು. ಗಟ್ಟಿ ಅಧ್ಯಕ್ಷ ಬೇಕು ಅಂತ ಮತ ಹಾಕಿ ಏಳು ವರ್ಷವೂ ಆಗಿರಲಿಲ್ಲ. 1976ರಲ್ಲಿ ಸೈನ್ಯ ಅವರನ್ನೂ ಇಳಿಸಿತು.

1980ರಲ್ಲಿ ಸೈನಿಕ ಸರ್ಕಾರ ತನ್ನದೇ ಸಂವಿಧಾನಕ್ಕೆ ಜನರ ಒಪ್ಪಿಗೆ ಕೇಳಿತು. ಹೆದರಿಕೆಯ ಆ ದಿನಗಳಲ್ಲೂ ಸುಮಾರು ಶೇ. 57 ಜನ ‘ಬೇಡ’ ಅಂದರು. ಈ ಇಡೀ ಇತಿಹಾಸದಲ್ಲಿ ನನಗೆ ಅತಿ ಪ್ರೀತಿಯ ಘಟನೆ ಇದು. 1985ರ ಮಾರ್ಚ್ 1ರಂದು, ಚುನಾಯಿತ ಸಂಗಿನೆಟ್ಟಿ ಅಧ್ಯಕ್ಷರಾದರು.

ಇವತ್ತಿನ ಹುದ್ದೆ ಹೇಗಿದೆ? ನಮ್ಮ ರಾಷ್ಟ್ರಪತಿಯಂತಲ್ಲ, ಸರ್ಕಾರ ನಡೆಸುವವರೇ ಅವರು. ಆದರೆ ಒಬ್ಬರೇ ಆಜ್ಞೆ ಹೊರಡಿಸುವಂತಿಲ್ಲ. ಸಂವಿಧಾನದ 149ನೇ ವಿಧಿಯ ಪ್ರಕಾರ ಅವರು ಆಯಾ ಸಚಿವರ ಜೊತೆಗೆ, ಇಲ್ಲವೇ ಸಚಿವ ಸಂಪುಟದ ಜೊತೆಗೆ ಕೆಲಸ ಮಾಡಬೇಕು. ಮಂಡಳಿ ಹೋದರೂ ಅದರ ಬುದ್ಧಿ ಇಲ್ಲಿ ಉಳಿದಿದೆ ಅಂತ ನನ್ನ ಅನಿಸಿಕೆ. 1996ರ ತಿದ್ದುಪಡಿಯಿಂದ ಪಕ್ಷಕ್ಕೆ ಒಬ್ಬರೇ ಅಭ್ಯರ್ಥಿ. ಅರ್ಧಕ್ಕಿಂತ ಹೆಚ್ಚು ಮತ ಸಿಗದಿದ್ದರೆ ಎರಡನೇ ಸುತ್ತು.

ಬ್ರೆಜಿಲ್‌ನಲ್ಲಿ ಲುಲಾ 2023ರ ಜನವರಿ 1ರಂದು ಪ್ರಮಾಣ ವಚನ ತೆಗೆದುಕೊಂಡಾಗ, ಉರುಗ್ವೆಯ ಬ್ಲಾಂಕೊ ಅಧ್ಯಕ್ಷ ಲಕಾಯೆ ಪೋ ತಮ್ಮ ಜೊತೆ ಇಬ್ಬರನ್ನು ಕರೆದುಕೊಂಡು ಹೋದರು. ಒಬ್ಬರು ಕೊಲೊರಾಡೊದ ಸಂಗಿನೆಟ್ಟಿ, ಇನ್ನೊಬ್ಬರು ಒಂದು ಕಾಲದ ತುಪಮಾರೊ ಗೆರಿಲ್ಲಾ, ಎಡಪಂಥೀಯ ಮುಹಿಕಾ. ಬಿಳಿ, ಕೆಂಪು ಪಟ್ಟಿ ಕಟ್ಟಿ ಹೊಡೆದಾಡಿದ ದೇಶ ಇದು.

2025ರ ಮಾರ್ಚ್ 1ರಿಂದ ಯಮಾಂಡು ಓರ್ಸಿ ಅಧ್ಯಕ್ಷರು. ಇತಿಹಾಸದ ಮೇಷ್ಟ್ರಾಗಿದ್ದವರು. ಸೆನೆಟ್‌ನಲ್ಲಿ ಅವರಿಗೆ ಬಹುಮತ ಇದೆ. ಕೆಳಮನೆಯಲ್ಲಿ 99ಕ್ಕೆ 48 ಸ್ಥಾನ, ಎರಡು ಕಡಿಮೆ. ಹಾಗಾಗಿ ಪ್ರತಿಯೊಂದು ಮಸೂದೆಗೂ ಬೇರೆಯವರ ಜೊತೆ ಕೂತು ಮಾತಾಡಲೇಬೇಕು. 2029ರ ಚುನಾವಣೆಯಲ್ಲಿ ಅವರು ಮತ್ತೆ ನಿಲ್ಲುವಂತಿಲ್ಲ, ಮಧ್ಯೆ ಐದು ವರ್ಷ ಬಿಡಬೇಕು. ಪಚೆಕೊ ಈ ನಿಯಮ ತೆಗೆಸಲು 1971ರಲ್ಲಿ ಜನಮತ ಕೇಳಿದ್ದರು, ಜನ ಕೊಡಲಿಲ್ಲ. ಆ ನಿಯಮ ಇವತ್ತಿಗೂ ಹಾಗೇ ಇದೆ.

ಇನ್ನು ನಿಮ್ಮ ಪ್ರಶ್ನೆಗಳು.