ಗುಡ್ಡೆ ಅದೇ, ನೀರೂ ಅದೇ, ಕತೆ ಬೇರೆ

ಈಗ ನೀವು ನೋಡ್ತಾ ಇರುವುದು ನಮ್ಮೂರ ಜಾತ್ರೆ ಗದ್ದೆ. ಸುರತ್ಕಲ್‌ನಿಂದ ಸ್ವಲ್ಪ ಒಳಗೆ ಬರಬೇಕು. ಕೊಯ್ಲು ಆಗಿ ಗದ್ದೆ ಒಣಗಿದೆ, ಚಪ್ಪಲಿ ಹಾಕಿದ್ರೂ ಕೂಳೆ ಕಾಲಿಗೆ ಚುಚ್ಚುತ್ತದೆ. ಆ ಮೂಲೆಯಲ್ಲಿ ಲಾರಿಯಿಂದ ಕಬ್ಬಿಣದ ತುಂಡುಗಳನ್ನು ಇಳಿಸ್ತಾ ಇದ್ದಾರಲ್ಲ, ಅದು ಜಾಯಂಟ್ ವೀಲ್. ಇನ್ನು ಎರಡು ದಿನದಲ್ಲಿ ನಿಂತಿರುತ್ತದೆ. ಆ ಮೂಲೆಯನ್ನು ಸ್ವಲ್ಪ ನೆನಪಿಟ್ಟುಕೊಳ್ಳಿ, ಕೊನೆಗೆ ಅಲ್ಲಿಗೇ ಹೋಗುವ.

ಇವತ್ತು ಹೇಳ್ಲಿಕ್ಕೆ ಇರುವುದು ದೂರದ ಒಂದು ಗುಡ್ಡೆಯ ವಿಷಯ. ಅಮೆರಿಕದ ಫ್ಲೋರಿಡಾದಲ್ಲಿ ಡಿಸ್ನಿಯವರ ಮ್ಯಾಜಿಕ್ ಕಿಂಗ್‌ಡಮ್ ಎನ್ನುವ ಪಾರ್ಕ್ ಉಂಟು. ಅದರೊಳಗೆ ಸ್ಪ್ಲಾಶ್ ಮೌಂಟನ್ ಅಂತ ಒಂದು ಸವಾರಿ ಇತ್ತು. ಮರದ ದಿಮ್ಮಿಯ ಹಾಗೆ ಇರುವ ದೋಣಿಯಲ್ಲಿ ಕೂತುಕೊಳ್ಳುವುದು, ಗುಡ್ಡೆಯ ಒಳಗೆ ನೀರಿನ ಕಾಲುವೆಯಲ್ಲಿ ತಿರುಗಿ ತಿರುಗಿ ಹೋಗುವುದು, ಕೊನೆಗೆ ಸುಮಾರು 50 ಅಡಿ ಎತ್ತರದಿಂದ ಕೆಳಗೆ. 1992ರಲ್ಲಿ ಶುರುವಾದದ್ದು. 2023ರ ಜನವರಿ 22 ಅದರ ಕೊನೆಯ ದಿನ.

ಅಲ್ಲಿ 22ರ ರಾತ್ರಿ ಅಂದ್ರೆ ನಮಗೆ 23ರ ಬೆಳಿಗ್ಗೆ. ನನ್ನ ದೊಡ್ಡಪ್ಪನ ಮಗಳು, ಅಕ್ಕ, ಆ ಊರಿನ ಹತ್ತಿರವೇ ಇರುವುದು. ಕ್ಯೂನಲ್ಲಿ ನಿಂತುಕೊಂಡು ವಿಡಿಯೋ ಕಾಲ್ ಮಾಡಿದ್ಲು. ಇಲ್ಲಿ ಅಡುಗೆಮನೆಯಲ್ಲಿ ಅಮ್ಮ ನೀರುದೋಸೆ ಹೊಯ್ತಾ ಇದ್ದರು. ನಾನು ಫೋನನ್ನು ತೆಂಗಿನಕಾಯಿ ಡಬ್ಬಕ್ಕೆ ಒರಗಿಸಿ ಇಟ್ಟೆ. ಅಮ್ಮ ಸಟ್ಟುಗ ಹಿಡಿದುಕೊಂಡೇ ಬಗ್ಗಿ ನೋಡಿದರು. "ಎಂತ ಮಗಾ ಅದು? ನೀರಿಗೆ ಬೀಳ್ಲಿಕ್ಕೆ ಇಷ್ಟು ಜನವಾ?" ಅಕ್ಕ ಆಗ ಕ್ಯೂನಲ್ಲಿ ನಿಂತು ಮೂರು ಗಂಟೆ ದಾಟಿತ್ತು. ಸುತ್ತ ಅಳುವವರು ಇದ್ದರು. ಮಕ್ಕಳಲ್ಲ, ನಲವತ್ತು ನಲವತ್ತೈದು ವರ್ಷದವರು. ಕೆಲವರು ಆ ಕಾಲುವೆಯ ನೀರನ್ನು ಬಾಟಲಿಯಲ್ಲಿ ತುಂಬಿಸಿಕೊಂಡು ಹೋದರು, ಆಮೇಲೆ ಆನ್‌ಲೈನ್‌ನಲ್ಲಿ ಮಾರಾಟಕ್ಕೂ ಇಟ್ಟರು. ಅದನ್ನು ಕೇಳಿ ಅಮ್ಮ ಆಶ್ಚರ್ಯಪಡಲಿಲ್ಲ. ನಮ್ಮ ದೇವರ ಕೋಣೆಯಲ್ಲಿ ಅಜ್ಜಿ ಕಾಶಿಯಿಂದ ತಂದ ಗಂಗೆಯ ತಂಬಿಗೆ ಈಗಲೂ ಉಂಟು, ಮುಚ್ಚಳ ಬೆಸುಗೆ ಹಾಕಿದ್ದು. ಇಷ್ಟವಾದ ಜಾಗದ ನೀರನ್ನು ಮನೆಗೆ ತರುವುದು ಎಂತದ್ದು ಅಂತ ಅಮ್ಮನಿಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ನಾನು ಆ ಸವಾರಿಯಲ್ಲಿ ಒಂದು ಸಲವೂ ಕೂತವನಲ್ಲ. ಆದ್ರೆ ಅದರ ಪ್ರತಿ ತಿರುವು ನನಗೆ ಗೊತ್ತುಂಟು. ಕಾಲೇಜಿಗೆ ಹೋಗುವಾಗ ರಾತ್ರಿ ಇಯರ್‌ಫೋನ್ ಹಾಕಿಕೊಂಡು, ದೋಣಿಯ ಮುಂದಿನ ಸೀಟಿನಲ್ಲಿ ಕೂತು ಯಾರೋ ಪೂರ್ತಿ ರೆಕಾರ್ಡ್ ಮಾಡಿದ ವಿಡಿಯೋ ನೋಡುವುದು. ಹತ್ತು ಹನ್ನೊಂದು ನಿಮಿಷ. ಮೊದಲು ಹೊರಗೆ ಬಿಸಿಲಿನಲ್ಲಿ ಮೆಲ್ಲ ಹೋಗ್ತದೆ. ಆಮೇಲೆ ಗುಹೆ. ಒಳಗೆ ಒಂದು ಮೊಲ, ಅದರ ಹಿಂದೆ ಬಿದ್ದ ಒಂದು ನರಿ, ಒಂದು ಕರಡಿ. ಹಾಡು, ಕುಣಿತ. ಮತ್ತೆ ನಿಧಾನಕ್ಕೆ ಬೆಳಕು ಕಡಿಮೆಯಾಗ್ತದೆ. ನರಿ ಮೊಲವನ್ನು ಹಿಡಿದು ಹಗ್ಗದಲ್ಲಿ ಕಟ್ಟಿ ಹಾಕಿರ್ತದೆ. ದೋಣಿ ಕಡೆಯ ಏರಿಗೆ ಬರುವಾಗ ಮೇಲಿನಿಂದ ಎರಡು ರಣಹದ್ದುಗಳು ನಮ್ಮನ್ನೇ ನೋಡಿ ಮಾತಾಡ್ತವೆ. ಆಚೆ ಇರುವುದು ಮುಳ್ಳಿನ ಪೊದೆ. ಮೊಲ ನರಿಯ ಹತ್ರ ಬೇಡಿಕೊಳ್ತದೆ, ಏನು ಬೇಕಾದ್ರೂ ಮಾಡು, ಮುಳ್ಳಿನ ಪೊದೆಗೆ ಮಾತ್ರ ಎಸೀಬೇಡ ಅಂತ. ನರಿ ಎಸೆದೇ ಬಿಡ್ತದೆ. ಮೊಲ ಹುಟ್ಟಿ ಬೆಳೆದದ್ದೇ ಆ ಮುಳ್ಳಿನಲ್ಲಿ! ಅಂದ್ರೆ ನಾವು ಬೀಳುವುದು ಮೊಲ ತಪ್ಪಿಸಿಕೊಳ್ಳುವ ಕ್ಷಣದಲ್ಲಿ. ಒಂದು ನೀರಿನ ಜಾರುಬಂಡೆಗೆ ಇಷ್ಟು ಚಂದದ ಅರ್ಥ ಕೊಟ್ಟದ್ದನ್ನು ನಾನು ಬೇರೆಲ್ಲೂ ನೋಡಲಿಲ್ಲ.

ಹಾಗಾದ್ರೆ ಮುಚ್ಚಿದ್ದು ಯಾಕೆ? ಇದನ್ನು ಸರಿಯಾಗಿ ಹೇಳಬೇಕು. ಆ ಮೊಲ, ನರಿ, ಕರಡಿ ಬಂದದ್ದು 1946ರ 'ಸಾಂಗ್ ಆಫ್ ದ ಸೌತ್' ಎನ್ನುವ ಸಿನಿಮಾದಿಂದ. ಕತೆಗಳ ಮೂಲ ಅದಕ್ಕಿಂತ ತುಂಬಾ ಹಿಂದೆ. ಆಫ್ರಿಕಾದಿಂದ ಗುಲಾಮರಾಗಿ ಎಳೆದು ತರಲ್ಪಟ್ಟ ಜನ ತಮ್ಮ ಮಕ್ಕಳಿಗೆ ಹೇಳಿದ ಕತೆಗಳು ಅವು. ಬಲ ಇಲ್ಲದ ಮೊಲ ಬುದ್ಧಿಯಿಂದ ಬದುಕುವ ಕತೆ. ಸಿನಿಮಾ ಮಾತ್ರ ಆ ಜನ ದುಡಿಯುತ್ತಿದ್ದ ತೋಟದ ಬದುಕನ್ನು ಎಲ್ಲರೂ ನಗ್ತಾ ಹಾಡ್ತಾ ಇದ್ದ ಹಾಗೆ ತೋರಿಸಿತು. ಅದು ಬಂದಾಗಲೇ ಕಪ್ಪು ಜನಾಂಗದ ಸಂಘಟನೆಗಳು ವಿರೋಧಿಸಿದ್ದವು. ಡಿಸ್ನಿಯವರೇ ಅಮೆರಿಕದಲ್ಲಿ ಆ ಸಿನಿಮಾವನ್ನು ಮನೆಯಲ್ಲಿ ನೋಡುವ ಹಾಗೆ ಪೂರ್ತಿಯಾಗಿ ಯಾವತ್ತೂ ಬಿಡುಗಡೆ ಮಾಡಲಿಲ್ಲ. 2020ರ ಜೂನ್ 25ಕ್ಕೆ ಘೋಷಣೆ ಆಯಿತು, ಆ ಗುಡ್ಡೆಯ ಒಳಗಿನ ಕತೆ ಬದಲಾಗ್ತದೆ, 2009ರ 'ದ ಪ್ರಿನ್ಸೆಸ್ ಆಂಡ್ ದ ಫ್ರಾಗ್' ಸಿನಿಮಾದ ಟಿಯಾನಾ ಬರ್ತಾಳೆ ಅಂತ. ಡಿಸ್ನಿಯ ಮೊದಲ ಕಪ್ಪು ರಾಜಕುಮಾರಿ ಅವಳು.

ನನ್ನ ಮಟ್ಟಿಗೆ ಅದು ಸರಿಯಾದ ನಿರ್ಧಾರ. ಆ ರಾತ್ರಿ ಅತ್ತವರ ಅಳು ಕೂಡ ಸರಿಯಾದದ್ದೇ. ಅಪ್ಪನ ಜೊತೆ ಕೂತ ಸೀಟು, ತೀರಿಹೋದ ಅಮ್ಮ ಕಿರುಚಿದ ಜಾಗ, ಅದನ್ನೆಲ್ಲ ಸಿನಿಮಾದ ತಪ್ಪಿನ ಲೆಕ್ಕಕ್ಕೆ ಸೇರಿಸ್ಲಿಕ್ಕೆ ಆಗುವುದಿಲ್ಲ.

ಈ ಬದಲಾವಣೆಯ ಬೆನ್ನು ಹಿಡಿದಾಗ ನನಗೆ ಸಿಕ್ಕಿದ ಒಂದು ವಿಷಯ ಹೇಳ್ಲೇಬೇಕು. ಕ್ಯಾಲಿಫೋರ್ನಿಯಾದ ಡಿಸ್ನಿಲ್ಯಾಂಡ್‌ನಲ್ಲಿ ಇದೇ ಸವಾರಿ 1989ರಲ್ಲೇ ಬಂದಿತ್ತು. ಅಲ್ಲಿ ಒಳಗೆ ಹಾಡುತ್ತಿದ್ದ ಪ್ರಾಣಿಗಳಲ್ಲಿ ಹೆಚ್ಚಿನವು ಹೊಸದಾಗಿ ಮಾಡಿದ್ದಲ್ಲ! 1974ರಿಂದ 1988ರ ವರೆಗೆ ಅದೇ ಪಾರ್ಕಿನಲ್ಲಿ 'ಅಮೆರಿಕ ಸಿಂಗ್ಸ್' ಅಂತ ಒಂದು ಪ್ರದರ್ಶನ ಇತ್ತು, ಅದು ಮುಚ್ಚಿದ ಮೇಲೆ ಅಲ್ಲಿನ ಯಂತ್ರದ ಪ್ರಾಣಿಗಳನ್ನು ತಂದು ಇಲ್ಲಿ ನಿಲ್ಲಿಸಿದ್ದು. ಆ ಗುಂಪಿನ ಎರಡು ಹೆಬ್ಬಾತುಗಳ ಮೈಮೇಲಿನ ಚರ್ಮ ಸುಲಿದು, ಒಳಗಿನ ಯಂತ್ರವನ್ನು ಮಾತ್ರ ಇಟ್ಟುಕೊಂಡು, ಬೇರೊಂದು ಸವಾರಿಯ ಕ್ಯೂನಲ್ಲಿ ರೋಬೋಗಳನ್ನಾಗಿ ಮಾಡಿದರು. ಜನ ತಮ್ಮ ಹಳೆಯದು ಅಂತ ಅತ್ತದ್ದು ಯಾವುದಕ್ಕೋ, ಅದು ಕೂಡ ಇನ್ನೊಂದು ಹಳೆಯದರ ಮೇಲೆ ಎದ್ದು ನಿಂತದ್ದು.

1998ರಲ್ಲಿ ಫ್ಲೋರಿಡಾದಲ್ಲಿ ಮಿಸ್ಟರ್ ಟೋಡ್ ಎನ್ನುವ ಕಪ್ಪೆಯ ಸವಾರಿ ಮುಚ್ಚುವಾಗ ಅಭಿಮಾನಿಗಳು ಟೀ ಶರ್ಟ್ ಹಾಕಿಕೊಂಡು ಬಂದು ಪ್ರತಿಭಟನೆ ಮಾಡಿದ್ದರು. ಮರುವರ್ಷ ಅಲ್ಲಿ ವಿನ್ನಿ ದ ಪೂ ಎನ್ನುವ ಕರಡಿಯ ಸವಾರಿ ಬಂತು. ಒಳಗೆ ಗೋಡೆಯಲ್ಲಿ ಒಂದು ಸಣ್ಣ ಚಿತ್ರ ಉಂಟು, ಟೋಡ್ ತನ್ನ ಜಾಗದ ದಸ್ತಾವೇಜನ್ನು ಪೂ ಕತೆಯ ಗೂಬೆಯ ಕೈಗೆ ಕೊಡುವುದು. ಜಾಗದ ಕಾಗದಪತ್ರ ಕೈಬದಲಾಗುವಾಗ ಮನಸ್ಸಿಗೆ ಏನಾಗ್ತದೆ ಅಂತ ನಮ್ಮ ಊರಿನವರಿಗೆ ಗೊತ್ತಿಲ್ವಾ? ಆ ಚಿತ್ರ ನೋಡಿ ನಾನು ತುಂಬಾ ಹೊತ್ತು ವಿಡಿಯೋ ನಿಲ್ಲಿಸಿ ಇಟ್ಟಿದ್ದೆ.

ಮತ್ತೆ ಗುಡ್ಡೆಗೆ ಬರುವ. ಸುತ್ತ ಬೇಲಿ ಹಾಕಿದ್ರು. ಒಂದು ವರ್ಷ ಐದು ತಿಂಗಳು. ಈ ಹೊತ್ತಿನಲ್ಲಿ ಅಭಿಮಾನಿಗಳು ಮಾಡುವುದನ್ನು ನೋಡಿದ್ರೆ ನನಗೆ ನಮ್ಮಲ್ಲಿ ದೇವಸ್ಥಾನದ ಜೀರ್ಣೋದ್ಧಾರ ನಡೆಯುವುದೇ ನೆನಪಾಗುವುದು. ದೇವರು ಬಾಲಾಲಯದಲ್ಲಿ, ಗರ್ಭಗುಡಿ ಬಿಚ್ಚಿ ಹಾಕಿದ್ದಾರೆ, ಆದ್ರೂ ಜನ ಆದಿತ್ಯವಾರ ಆದಿತ್ಯವಾರ ಹೋಗ್ತಾರೆ. ಮರದ ಕೆಲಸ ಎಲ್ಲಿಗೆ ಮುಟ್ಟಿತು, ತಾಮ್ರದ ಹೊದಿಕೆ ಬಂತಾ, ಹಳೆಯ ದಾರಂದ ಉಳಿಸ್ತಾರಾ ಅಂತ ಕೇಳ್ತಾರೆ. ಅಲ್ಲಿಯೂ ಹಾಗೆಯೇ. ಸರಕಾರಿ ಇಲಾಖೆಗೆ ಕೊಟ್ಟ ಕಾಮಗಾರಿಯ ಅರ್ಜಿ, ನಕ್ಷೆ ಎಲ್ಲ ಹುಡುಕಿ ತೆಗೆದು ಓದುತ್ತಾರೆ. ಪಾರ್ಕಿನ ಮೇಲಿಂದ ಹಾರಿ ಫೋಟೋ ತೆಗೆಯುವವರು ಇದ್ದಾರೆ. ಹಳೆಯ ಮರದ ಬೊಡ್ಡೆ ಯಾವಾಗ ತೆಗೆದ್ರು, ಹಸಿರು ಯಾವಾಗ ಬಂತು, ಟಿಯಾನಾಳ ಕಿರೀಟ ಇರುವ ನೀರಿನ ಟ್ಯಾಂಕ್ ಯಾವಾಗ ಏರಿತು, ಎಲ್ಲದಕ್ಕೂ ತಾರೀಕು ಸಮೇತ ಫೋಟೋ ಉಂಟು. ನಾನೂ ಇಲ್ಲಿ ಕೂತು ಫೋಲ್ಡರ್ ಮಾಡಿ ಇಟ್ಟಿದ್ದೇನೆ, ತಿಂಗಳಿಗೆ ಒಂದರ ಹಾಗೆ.

ಹೊಸ ಕತೆ ನಡೆಯುವುದು ಲೂಸಿಯಾನಾದ ಜೌಗುಪ್ರದೇಶದಲ್ಲಿ. ಅಲ್ಲಿ ಗುಡ್ಡೆಯೇ ಇಲ್ಲ, ಎಲ್ಲ ಸಪಾಟು ನೆಲ. ಗುಡ್ಡೆಯನ್ನು ಕೆಡವುವ ಹಾಗೂ ಇಲ್ಲ. ಆಗ ಅವರು ಹುಡುಕಿ ತೆಗೆದ ಉತ್ತರ ಉಪ್ಪು. ಲೂಸಿಯಾನಾದಲ್ಲಿ ನೆಲದ ಅಡಿಯ ಉಪ್ಪು ಮೇಲಕ್ಕೆ ಒತ್ತಿ ನೆಲ ದಿಬ್ಬದ ಹಾಗೆ ಉಬ್ಬಿದ ಜಾಗಗಳು ನಿಜವಾಗಿಯೂ ಇವೆ. ಹಾಗಾಗಿ ಹಳೆಯ ಗುಡ್ಡೆ ಈಗ ಉಪ್ಪಿನ ದಿಬ್ಬ, ಅದರ ಮೇಲೆ ಟಿಯಾನಾಳ ಆಹಾರ ತಯಾರಿಕೆಯ ಸಹಕಾರಿ ಸಂಘ. ಸಹಕಾರಿ ಸಂಘ ಅಂತ ಕೇಳಿದಾಗ ನನಗೆ ಎಷ್ಟು ಖುಷಿ ಆಯ್ತು ಗೊತ್ತುಂಟಾ? ಹಾಲಿನ ಡಿಪೋ, ಅಡಿಕೆಯ ಸೊಸೈಟಿ ನೋಡಿ ಬೆಳೆದವರು ನಾವು.

2024ರ ಜೂನ್ 28ಕ್ಕೆ ಟಿಯಾನಾಸ್ ಬಾಯೂ ಅಡ್ವೆಂಚರ್ ಎನ್ನುವ ಹೆಸರಿನಲ್ಲಿ ಹೊಸ ಸವಾರಿ ತೆರೆಯಿತು. ಕ್ಯಾಲಿಫೋರ್ನಿಯಾದ್ದು ಅದೇ ವರ್ಷ ನವೆಂಬರ್ 15ಕ್ಕೆ. ಪೂರ್ತಿ ವಿಡಿಯೋ ನಾನು ನೋಡಿದ್ದು ಹೊರಗೆ ಮಳೆ ಜಡಿಯುತ್ತಿದ್ದ ಒಂದು ರಾತ್ರಿ. ಬೊಂಬೆಗಳು ಅಂದ್ರೆ ಬೊಂಬೆಗಳು! ಟಿಯಾನಾ ತಿರುಗಿ ನೋಡುವಾಗ ಕುತ್ತಿಗೆ, ಭುಜ, ಬೆರಳು ಒಂದರ ಹಿಂದೆ ಒಂದು ಹೇಗೆ ಬರ್ತದೆ ಅಂತ ನೋಡಬೇಕು. ಹಳೆಯ ಮೊಲದ ಕೈಗೆ ಅಷ್ಟು ಜೀವ ಇರಲಿಲ್ಲ.

ಆದ್ರೆ ಒಂದು ಕೊರತೆ ಉಂಟು, ಅದನ್ನು ಹೇಳದಿದ್ರೆ ನಾನು ಈ ಸವಾರಿಯನ್ನು ಪ್ರೀತಿಸ್ತೇನೆ ಅಂತ ಹೇಳುವುದರಲ್ಲಿ ಅರ್ಥ ಇಲ್ಲ. ಹೊಸ ಕತೆಯಲ್ಲಿ ನಾವು ಹೋಗುವುದು ಹಬ್ಬಕ್ಕೆ ವಾದ್ಯದವರನ್ನು ಹುಡುಕಿಕೊಂಡು. ಆಮೆ, ಕರಡಿ, ಕಪ್ಪೆಗಳು ಎಲ್ಲ ಸಿಗ್ತವೆ. ಸಿನಿಮಾದಲ್ಲಿ ಬರುವ ಮಂತ್ರವಾದಿ ಮುದುಕಿ 'ಮಾಮಾ ಓಡಿ' ಮಂತ್ರ ಹಾಕಿ ನಮ್ಮನ್ನು ಕಪ್ಪೆಯಷ್ಟು ಸಣ್ಣ ಮಾಡ್ತಾಳೆ, ಕೊನೆಯ ಏರಿನಲ್ಲಿ ಮತ್ತೆ ಮೊದಲಿನಷ್ಟು ದೊಡ್ಡ ಮಾಡಿ ಹಬ್ಬಕ್ಕೆ ಕಳಿಸ್ತಾಳೆ. ಚಂದ. ಆದ್ರೆ ಬೀಳುವ ಮೊದಲು ಹೆದರಿಸುವವರು ಯಾರೂ ಇಲ್ಲ. ಸಿನಿಮಾದಲ್ಲಿ ಇದ್ದ ಖಳ ಇಲ್ಲಿ ಬರುವುದೇ ಇಲ್ಲ.

ಸಣ್ಣವನಿರುವಾಗ ಅಜ್ಜನ ಜೊತೆ ಯಕ್ಷಗಾನ ಮೇಳದ ಆಟಕ್ಕೆ ಹೋಗಿ ಚಾಪೆಯ ಮೇಲೆ ಮಲಗಿದವನು ನಾನು. ನಡುರಾತ್ರಿ ದಾಟಿದ ಮೇಲೆ ಅಜ್ಜ ತಟ್ಟಿ ಎಬ್ಬಿಸುವುದು. ಚೆಂಡೆಯ ಪೆಟ್ಟು ಬದಲಾಗಿರ್ತದೆ. ಹಿಂದಿನಿಂದ, ಜನರ ಮಧ್ಯದಿಂದ, ದೊಂದಿ ಹಿಡಿದುಕೊಂಡು ಮಹಿಷಾಸುರ ಬರುವುದು. ರಾಳದ ಪುಡಿ ಎರಚಿದ ಕೂಡಲೇ ಬೆಂಕಿ ಭಗ್ ಅಂತ ಏಳ್ತದೆ, ಆ ಬೆಳಕಿನಲ್ಲಿ ಚುಟ್ಟಿ ಇಟ್ಟ ಮುಖ ಒಂದು ಕ್ಷಣ ಕಾಣ್ತದೆ, ಮತ್ತೆ ಕತ್ತಲೆ. ನಾನು ಅಜ್ಜನ ಶಾಲಿನ ಒಳಗೆ. ಆಮೇಲೆ ದೇವಿ ಬಂದು ನಿಂತಾಗ ಬೆಳಗಿನ ಜಾವದ ಆ ತಂಪು ಎಂತದ್ದು ಅಂತ ಗೊತ್ತಾಗುವುದು ಆ ಹೆದರಿಕೆಯಿಂದ. ಬಣ್ಣದ ವೇಷ, ಅಂದ್ರೆ ರಾಕ್ಷಸನ ವೇಷ, ಇಲ್ಲದೆ ಆಟ ಬೆಳಗಾಗುವುದಿಲ್ಲ. ಆ 50 ಅಡಿಯ ಬೀಳುವಿಕೆಗೂ ಒಂದು ಬಣ್ಣದ ವೇಷ ಬೇಕಿತ್ತು. ರಣಹದ್ದುಗಳು ಅದೇ ಕೆಲಸ ಮಾಡ್ತಿದ್ದವು.

ಅಕ್ಕ ಹೊಸದಕ್ಕೂ ಹೋಗಿ ಬಂದಳು, ಮಗಳನ್ನು ಕರಕೊಂಡು. ಆ ರಾತ್ರಿ ಒಂದು ವಾಯ್ಸ್ ಮೆಸೇಜ್ ಕಳಿಸಿದ್ಲು. "ತಮ್ಮಾ, ನಾನು ಕಣ್ಣು ಮುಚ್ಚಿಕೊಂಡೆ. ಕಣ್ಣು ಮುಚ್ಚಿದ್ರೆ ಎಲ್ಲ ಅದೇ. ಎಲ್ಲಿ ಎಡಕ್ಕೆ ವಾಲ್ತದೆ, ಎಲ್ಲಿ ನೀರು ಕಾಲಿಗೆ ಬರ್ತದೆ, ಏರಿನಲ್ಲಿ ದೋಣಿ ಹೇಗೆ ಹಿಂದಕ್ಕೆ ಜಗ್ಗುತ್ತದೆ, ಎಲ್ಲ ಅದೇ." ಕಾಲುವೆಯನ್ನು ಅವರು ಮುಟ್ಟಲಿಲ್ಲ. ಮಗಳಿಗೆ ಮಾತ್ರ ಅದು ಮೊದಲಿಂದಲೇ ಟಿಯಾನಾಳ ಗುಡ್ಡೆ. ಬಿದ್ದ ಮೇಲೆ ಒದ್ದೆ ಕೂದಲಲ್ಲಿ, ಮುಂದಿನ ಹಲ್ಲು ಬಿದ್ದ ಬಾಯಲ್ಲಿ ನಗ್ತಾ ಇರುವ ಫೋಟೋ ನಮ್ಮ ಫ್ರಿಜ್ಜಿನ ಬಾಗಿಲಿನಲ್ಲಿ ಉಂಟು, ಅಮ್ಮ ಅಂಟಿಸಿದ್ದು.

ಮೊಲ ಮತ್ತು ನರಿ ಟೋಕಿಯೊದ ಡಿಸ್ನಿಲ್ಯಾಂಡ್‌ನಲ್ಲಿ ಈಗಲೂ ಇವೆ, 1992ರಿಂದ. ಇನ್ನು ಫ್ಲೋರಿಡಾದ ಅದೇ ಪಾರ್ಕಿನಲ್ಲಿ 2025ರ ಜುಲೈ 6ಕ್ಕೆ ಒಂದು ನದಿಯನ್ನೇ ಮುಚ್ಚಿದರು. ರಿವರ್ಸ್ ಆಫ್ ಅಮೆರಿಕ, 1971ರಿಂದ ಇದ್ದದ್ದು, ನಡುವೆ ದ್ವೀಪ, ಸುತ್ತ ಹಬೆಯ ದೋಣಿ. ಅಲ್ಲಿ 'ಕಾರ್ಸ್' ಸಿನಿಮಾದ ಕತೆಯ ಜಾಗ ಬರ್ತದೆ. ಈ ಸಲ ನನಗೆ ಮನಸ್ಸಿಗೆ ಒಪ್ಪುವುದಿಲ್ಲ. ಗುಡ್ಡೆಯಲ್ಲಿ ಕತೆ ಹೋದ್ರೂ ನೀರು ಉಳಿಯಿತು, ಇಲ್ಲಿ ನೀರನ್ನೇ ಬತ್ತಿಸಿದ್ರು. ಆದ್ರೂ ಫೋಲ್ಡರ್ ಶುರು ಮಾಡಿದ್ದೇನೆ.

ಸರಿ, ಗದ್ದೆಗೆ ಬಂದೆವು. ನಾನು ಸಣ್ಣವನಿರುವಾಗ ಈ ಮೂಲೆಯಲ್ಲಿ ಮರದ ತೊಟ್ಟಿಲು ಇರ್ತಿತ್ತು. ನಾಲ್ಕೇ ನಾಲ್ಕು ತೊಟ್ಟಿಲು, ಕರೆಂಟಿಲ್ಲ, ಇಬ್ಬರು ಕೈಯಲ್ಲಿ ಎಳೆದು ತಿರುಗಿಸುವುದು. ಮೇಲೆ ಹೋದಾಗ ತೇರಿನ ತುದಿಯ ಪತಾಕೆ ಕಾಣ್ತಿತ್ತು. ಅಚ್ಚಿಗೆ ಹಚ್ಚಿದ ಎಣ್ಣೆಯ ವಾಸನೆ ಈಗಲೂ ಮೂಗಿಗೆ ಬರ್ತದೆ. ಒಂದು ವರ್ಷ ಅದು ಬರಲಿಲ್ಲ, ಬದಲಿಗೆ ಕಬ್ಬಿಣದ ಚಕ್ರ ಬಂತು, ಬಣ್ಣಬಣ್ಣದ ಟ್ಯೂಬ್‌ಲೈಟಿನದ್ದು. ಆ ವರ್ಷ ನಾನು ಹತ್ತಲಿಲ್ಲ. ಅಜ್ಜ ಚುರುಮುರಿ ತೆಗೆಸಿಕೊಟ್ಟರೂ ಬೇಡ ಅಂದೆ.

ಇಲ್ಲಿ ಹತ್ತಿರದಿಂದ ನೋಡಿ. ಈ ಎರಡು ಕೆಂಪುಕಲ್ಲು. ಮಧ್ಯದಲ್ಲಿ ಬಟ್ಟಲಿನ ಹಾಗೆ ಸವೆದು ಹೋಗಿದೆ, ತೊಟ್ಟಿಲಿನ ಕಂಬದ ಬುಡ ಕೂತು ಕೂತು ಆದದ್ದು. ಈಗ ಆ ಹುಡುಗ ಕಬ್ಬಿಣದ ಕಾಲನ್ನು ತಂದು ಎಲ್ಲಿ ಇಡ್ತಾ ಇದ್ದಾನೆ ನೋಡಿ, ಅದೇ ಕಲ್ಲಿನ ಮೇಲೆ. ನಾನು ಕೇಳಿದೆ, ಇಲ್ಲೇ ಯಾಕೆ ಅಂತ. "ಬೇರೆ ಕಡೆ ಗದ್ದೆ ಮೆತ್ತಗೆ ಉಂಟು ಅಣ್ಣ, ಇದು ಮಾತ್ರ ಕುಸಿಯುವುದಿಲ್ಲ" ಅಂದ. ನಾಡಿದ್ದು ಸಂಜೆ ಚಕ್ರ ತಿರುಗ್ತದಂತೆ. ಅಮ್ಮ ಬರ್ತೇನೆ ಅಂದಿದ್ದಾರೆ, ಅವರಿಗೆ ಮೇಲಿನಿಂದ ತೇರು ನೋಡಬೇಕಂತೆ.